ಅಧ್ಯಕ್ಷರ ಮನೆಯ ಬ್ರಾಂದಿ ಜೆಲ್ಲಿ

ಮರ್ಯಾದಸ್ಥರು ಒತ್ತೊತ್ತಾಗಿ ಮನೆ ಕಟ್ಟಿಕೊಂಡಿರುವ ಕಡೆ ನಗುವುದಕ್ಕೆ ಬೇರೆ ಖರ್ಚು ಮಾಡಬೇಕಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದು ಕುರ್ಚಿ ಹಾಕಿಕೊಂಡು ಕೂತರೆ ಸಾಕು, ತಮಾಷೆ ತಾನೇ ಮೆಟ್ಟಿಲು ಹತ್ತಿ ಬರುತ್ತದೆ. ಬಾರದ ದಿನ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಯಾವ ಅರ್ಧ ಅಂತ ಅವಳಿಗೂ ಗೊತ್ತಿಲ್ಲ, ನನಗೂ ಈಗ ನೆನಪಿಲ್ಲ. ಆದ್ದರಿಂದ ಪೂರ್ತಿ ನಂಬುವುದೇ ಕ್ಷೇಮ.

ಹೆಣ್ಣು ನೋಡಿದ್ದು

ಪಾನನಿರೋಧ ಬಿಗಿಯಾಗಿದ್ದ ಕಾಲ. ನಮ್ಮ ಪಕ್ಕದ ಮನೆಯವರು ಹತ್ತಿ ದಲಾಲರು. ತಲೆ ಮೇಲೆ ಖಾದಿ ಟೊಪ್ಪಿಗೆ, ಬಾಯಲ್ಲಿ ಸದಾ ಉಪದೇಶ. ಊರಿನ ಪಾನನಿರೋಧ ಪ್ರಚಾರ ಸಮಿತಿಗೆ ಅವರೇ ಅಧ್ಯಕ್ಷರು. ನಾನು ಕೆಮ್ಮಿನ ಔಷಧಿ ಕೊಟ್ಟರೂ ಬಿರಡೆ ತೆಗೆದು ಮೂಸಿ ನೋಡಿ, "ಇದರಾಗೆ ಅಂಥಾದ್ದೇನೂ ಇಲ್ಲ ಹೌದಲ್ಲೋ?" ಅಂತ ಕೇಳಿಯೇ ಕುಡಿಯುವವರು. ಅವರು ಕೇಳುತ್ತಾರೆ ಅಂತಲೇ ನಾನು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ "ಇಲ್ಲ" ಅನ್ನುತ್ತಿದ್ದೆ. ಆ ಒಂದು ಗಳಿಗೆಯಲ್ಲಿ ಅವರ ಕೆಮ್ಮು ಅರ್ಧ ವಾಸಿಯಾಗುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಹುಡುಗಿಗೆ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಕಂಪನಿಯವರು ತರಬೇತಿಗೆ ಅಂತ ಆರು ತಿಂಗಳು ವಿಲಾಯಿತಿಗೆ ಬೇರೆ ಕಳಿಸಿದ್ದರು. ಅಂಥ ಅಳಿಯ ಸಿಗುವುದಾದರೆ ದಲಾಲರು ಟೊಪ್ಪಿಗೆ ಬಿಟ್ಟು ಉಳಿದದ್ದೆಲ್ಲ ಕೊಡಲು ತಯಾರಿದ್ದರು. ಹುಡುಗನ ತಂದೆಗೆ ಪುರಸೊತ್ತಿಲ್ಲವಂತೆ, ಹಾಗಾಗಿ ತಾಯಿ, ಮಗ ಇಬ್ಬರೇ ಹೆಣ್ಣು ನೋಡಲು ಬಂದರು. ಮನೆಯವನ ಹಾಗೆ ಪಕ್ಕದಲ್ಲಿ ನಾನೂ ಕೂತೆ.

ತಾಯಿ ಜಮಖಾನ ಬಿಟ್ಟು ಕುರ್ಚಿ ಮೇಲೆ ಕೂತರು. "ಹಾಡು ಬರ್ತೈತಾ?" ಅಂದರು.

"ಬರ್ತೈತ್ರಿ," ಅಂದರು ದಲಾಲರು.

"ರೊಟ್ಟಿ?"

"ಅಂಗೈ ಮ್ಯಾಲೇ ಬಡೀತಾಳ್ರಿ."

"ಜೆಲ್ಲಿ?"

ದಲಾಲರು ನನ್ನ ಮುಖ ನೋಡಿದರು.

"ಸೇಬಿನ ಜೆಲ್ಲಿ ಕಣ್ರೀ," ಅಂದರು ತಾಯಿ. "ನಮ್ಮ ಹುಡುಗ ಬರೇ ಹುಡುಗ ಅಲ್ಲ, ಫಾರಿನ್ ರಿಟರ್ನ್. ಅಲ್ಲಿ ಮಡಿ ಬಿಡಬಾರದು ಅಂತ ಏನೂ ಮುಟ್ಟಲಿಲ್ಲ, ಬ್ರೆಡ್ಡು, ಸೇಬಿನ ಜೆಲ್ಲಿ, ಇಷ್ಟರಾಗೇ ಆರು ತಿಂಗಳು ಕಳೆದ. ಈಗ ಅದಿಲ್ದಿದ್ರೆ ಬೆಳಗ್ಗೆ ಬಾಯಿಗೆ ಏನೂ ಸೇರಂಗಿಲ್ಲ."

ಆರು ತಿಂಗಳಲ್ಲಿ ಹುಡುಗನ ಕೆನ್ನೆ ತುಂಬಿಕೊಂಡಿದ್ದ ರೀತಿ ನೋಡಿದರೆ ಅದು ಬರೀ ಜೆಲ್ಲಿಯ ಕೆಲಸವಲ್ಲ ಅಂತ ನನಗೆ ಅನ್ನಿಸಿತು. ಆದರೆ ಆ ಹೊತ್ತಿಗೆ ನನ್ನ ನಾಲಗೆ ಸುಮ್ಮನಿರಲಿಲ್ಲ. "ಜೆಲ್ಲೀನಾ? ಈ ಓಣಿಯೊಳಗೆ ಜೆಲ್ಲಿ ಅಂದ್ರೆ ಇವರ ಮನೇದೇ ಬಿಡ್ರಿ ಅಮ್ಮಾರೆ!" ಅಂದುಬಿಟ್ಟೆ.

"ಹಂಗಾದ್ರೆ ನಮ್ಮ ಮನೆ ನೋಡಾಕೆ ಬರುವಾಗ ಹುಡುಗಿ ಕೈಯಾರೆ ಮಾಡಿದ್ದು ತಗೊಂಡು ಬರ್ರಿ. ಹುಡುಗೀನೂ ಕರ್ಕೊಂಡು ಬರ್ರಿ. ನಮ್ಮ ಹುಡುಗ ಬಾಯಿಗಿಟ್ಟು 'ಇದೇ' ಅಂದ್ರೆ ಮುಂದಿನ ಮಾತು."

ಹುಡುಗಿಯನ್ನು ಗಂಡಿನ ಮನೆಗೆ ಕರೆದೊಯ್ದು ತೋರಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೆ ಎಂಜಿನಿಯರು ಅಂದ ಮೇಲೆ ಪದ್ಧತಿಯೂ ಸ್ವಲ್ಪ ಸರಿದು ಕೂರುತ್ತದೆ.

ಹೊರಡುವಾಗ ಹುಡುಗ ಬೂಟು ಹಾಕಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದ. ದಲಾಲರ ಕಿವಿ ಹತ್ತಿರ ಬಂದು, "ಒಂದು ಮಾತ್ರೀ. ಒರಿಜಿನಲ್ ಜೆಲ್ಲಿಗೆ ಚಕ್ಕೆ, ಲವಂಗದ ಜೊತೆಗೆ ಒಂದಿಷ್ಟು ಬ್ರಾಂದಿ ಬೀಳಬೇಕು. ಇಲ್ಲಾಂದ್ರೆ ನಾನು 'ಇದೇ' ಅಂತ ಹೆಂಗೆ ಹೇಳ್ಲಿ? ಆದ್ರೆ ನಮ್ಮ ಅವ್ವಗೆ ಗೊತ್ತಾಗಬಾರದು. ಬ್ರಾಂದಿ ಅಂದ್ರೆ ಆಕಿ ಆ ಮನೇಲಿ ನೀರೂ ಮುಟ್ಟಂಗಿಲ್ಲ," ಅಂದ.

ಬ್ರಾಂದಿ ಹಾಕದಿದ್ದರೆ ಹುಡುಗ ಒಪ್ಪುವುದಿಲ್ಲ. ಹಾಕಿದ್ದು ತಿಳಿದರೆ ತಾಯಿ ಒಪ್ಪುವುದಿಲ್ಲ. ಊರಿಗೆ ತಿಳಿದರೆ ಅಧ್ಯಕ್ಷಗಿರಿ ಉಳಿಯುವುದಿಲ್ಲ. ದಲಾಲರು ಕಂಬ ಹಿಡಿದುಕೊಂಡು ನಿಂತರು.

ನಾನು ಒಳಗೆ ಹೋಗಿ ಹುಡುಗಿಯನ್ನು ಕೇಳಿದೆ, "ಹೆಂಗವ್ವಾ, ಹುಡುಗ ಒಪ್ಪಿಗೇನಾ?"

"ಹುಡುಗ ಪರವಾಗಿಲ್ಲ ಕಾಕಾ," ಅಂದಳು. "ಆದ್ರೆ ಬೂಟು ಕಾಲಾಗಿದ್ದಾಗ ಮಾತ್ರ ಬಾಯಿ ಬರೋದಾ ಅಂತ ನೋಡಬೇಕು."

ಸೇಬು ಕೊಂಡ ತಪ್ಪಿಗೆ

ಸೇಬು ಅಂದರೆ ಆಗ ನಮ್ಮೂರಲ್ಲಿ ರೋಗಿಯ ಹಣ್ಣು. ದೂರದಿಂದ ರೈಲಿನಲ್ಲಿ, ಕಟ್ಟಿಗೆ ಪೆಟ್ಟಿಗೆಯಲ್ಲಿ, ಹುಲ್ಲಿನ ಮೇಲೆ ಮಲಗಿಕೊಂಡು ಬರುತ್ತಿತ್ತು. ಬಂದದ್ದು ನೇರವಾಗಿ ಆಸ್ಪತ್ರೆ ಮಂಚದ ಪಕ್ಕಕ್ಕೆ ಹೋಗುತ್ತಿತ್ತು. ಗಟ್ಟಿಮುಟ್ಟಾಗಿದ್ದವರು ಸೇಬು ತಿಂದದ್ದನ್ನು ನಾನಂತೂ ಕಂಡಿರಲಿಲ್ಲ. ಒಂದು ಹಣ್ಣು ಕೊಂಡರೆ ಜ್ವರ, ನಾಲ್ಕು ಕೊಂಡರೆ ಟೈಫಾಯಿಡ್ ಅಂತ ಲೆಕ್ಕ.

ದಲಾಲರು ಒಂದು ಬುಟ್ಟಿ ಕೊಂಡರು. ಕೊಂಡು, ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಊರ ನಡುವೆ ಬಂದರು.

ಅರ್ಧ ಗಂಟೆಯೊಳಗೆ ನನ್ನ ಅಂಗಡಿ ಮುಂದೆ ಜನ. "ಯಾರಿಗ್ರೀ ಹುಷಾರಿಲ್ಲ? ದಲಾಲರಿಗಾ?"

ಸಂಬಂಧ ಗಟ್ಟಿಯಾಗುವ ತನಕ ಯಾರಿಗೂ ಹೇಳಬಾರದು ಅಂತ ದಲಾಲರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಯಾರಾದರೂ ನಡುವೆ ಕಲ್ಲು ಹಾಕಿಯಾರು ಅಂತ ಹೆದರಿಕೆ. ನಾನು ಆಣೆಗೆ ತಪ್ಪುವವನಲ್ಲ. ತಲೆ ಕೆಳಗೆ ಹಾಕಿ, "ಈಗಲೇ ಏನೂ ಹೇಳಂಗಿಲ್ರಿ," ಅಂದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ.

ಸಂಜೆಗೆ ದಲಾಲರ ಮನೆ ಮುಂದೆ ಚಪ್ಪಲಿ ಇಡಲು ಜಾಗವಿಲ್ಲ. ನಿಜ ಹೇಳುವ ಹಾಗಿಲ್ಲ, ಬಂದವರನ್ನು ಕಳಿಸುವ ಹಾಗಿಲ್ಲ. ದಲಾಲರ ಹೆಂಡತಿ ಬೇರೆ ದಾರಿ ಕಾಣದೆ ಗಂಡನನ್ನು ಮಲಗಿಸಿ ಕಂಬಳಿ ಹೊದಿಸಿದರು. ಉರಿ ಬಿಸಿಲು ಕಾಲ. ಕಂಬಳಿಯೊಳಗೆ ಅಧ್ಯಕ್ಷರು ಬೆವರಿನಲ್ಲಿ ತೊಯ್ದು ಹೋದರು. ನೋಡಿದವರು, "ಜ್ವರ ಬಿಟ್ಟು ಬೆವರ್ತಾ ಅದಾರೆ, ಒಳ್ಳೇ ಲಕ್ಷಣ," ಅಂದರು. ಹದಡಿಯ ನೆಂಟರು ಬಸ್ಸಿಗೆ ಬಂದಿಳಿದು ಬಾಗಿಲಲ್ಲೇ ಅಳಲು ಶುರು ಮಾಡಿದರು. ಬಂದವರೆಲ್ಲ ಏನು ತಂದಿದ್ದರು? ಸೇಬು. ಬರಿಗೈಯಲ್ಲಿ ರೋಗಿಯನ್ನು ನೋಡುವುದುಂಟೆ? ದಲಾಲರ ಒಂದು ಬುಟ್ಟಿ ಮೂರು ಬುಟ್ಟಿಯಾಯಿತು.

ನಿವೃತ್ತ ಮಾಸ್ತರೊಬ್ಬರು ಮಂಚದ ಹತ್ತಿರ ಕೂತು ಮೆಲ್ಲಗೆ ದಲಾಲರ ಹೆಂಡತಿಯನ್ನು ಕೇಳಿದರು, "ಅನ್ನ ಏನಾರ ಒಳಗೆ ಹೋಗ್ತೈತೇನಮ್ಮಾ?"

ಆಕೆ ಸೆರಗು ಬಾಯಿಗಿಟ್ಟುಕೊಂಡು, "ಎರಡು ದಿನದಿಂದ ಬರೇ ಗಂಜಿರೀ," ಅಂದರು.

ಕಂಬಳಿಯೊಳಗಿಂದ ದನಿ ಬಂತು: "ಮಧ್ಯಾಹ್ನ ನಾಲ್ಕು ರೊಟ್ಟಿ ತಿಂದೀನಲ್ಲೇ, ಗಂಜಿ ಎಲ್ಲೀದು?"

ಅಜ್ಜಿಯ ಅಡುಗೆ

ಸುದ್ದಿ ಭಾನುವಳ್ಳಿಗೂ ಮುಟ್ಟಿತು. ಅಲ್ಲಿ ಹಿರಿಮಗನ ಮನೆಯಲ್ಲಿದ್ದ ದಲಾಲರ ತಾಯಿ, ದಾರಿಯುದ್ದಕ್ಕೂ ಬಸ್ಸಿನವರನ್ನೆಲ್ಲ ಅಳಿಸುತ್ತ ಬಂದರು. ಬಂದು ನೋಡಿದರೆ ಮಗ ಹಿತ್ತಲಲ್ಲಿ ನಿಂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದಾನೆ. ಅಜ್ಜಿಗೆ ಸಂತೋಷವಾಯಿತೋ ನಿರಾಸೆಯಾಯಿತೋ ಹೇಳಲಾರೆ. ಬಂದದ್ದು ದಂಡವಾಗಬಾರದು ಅಂತ ಅಡುಗೆಮನೆ ವಶಪಡಿಸಿಕೊಂಡರು.

ಜೆಲ್ಲಿ ಮಾಡುವ ಕ್ರಮ ಹೇಳಿಕೊಟ್ಟವನು ನಾನು. ನಾನು ಯಾರಿಂದ ಕಲಿತೆ ಅಂತ ಕೇಳಬೇಡಿ. ದಲಾಲರಿಗೆ ಮಿಷನ್ ಆಸ್ಪತ್ರೆ ನರ್ಸಮ್ಮ ಅಂದಿದ್ದೆ, ಅವರ ಹೆಂಡತಿಗೆ ಬೆಂಗಳೂರಿನ ದಂಡಿನ ಅಡುಗೆಯವ ಅಂದಿದ್ದೆ, ನನ್ನ ಹೆಂಡತಿಗೆ ನರ್ಸಮ್ಮನ ಸುದ್ದಿಯನ್ನೇ ಎತ್ತಿಲ್ಲ. ಕ್ರಮ ಇಷ್ಟೇ. ಸೇಬನ್ನು ಸಿಪ್ಪೆ, ಬೀಜ ಸಮೇತ ಹೆಚ್ಚಿ ನೀರಲ್ಲಿ ಮೆತ್ತಗಾಗುವ ತನಕ ಬೇಯಿಸಬೇಕು. ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಬೇಕು. ಹಿಂಡಬಾರದು, ತಾನಾಗೇ ತೊಟ್ಟಿಕ್ಕಬೇಕು. ಕೆಳಗೆ ಬಿದ್ದ ರಸವೇ ಮುಖ್ಯ, ಮೇಲಿನ ಗಂಟು ಚೆಲ್ಲಬೇಕು. ರಸಕ್ಕೆ ಸಕ್ಕರೆ, ಚಕ್ಕೆ, ಲವಂಗ, ನಿಂಬೆಹುಳಿ ಹಾಕಿ ಕಾಯಿಸಿ, ಒಲೆಯಿಂದ ಇಳಿಸಿದ ಮೇಲೆ ಬ್ರಾಂದಿ. ಆಮೇಲೆ ಬಾಟ್ಲಿಗೆ ಸುರಿದರೆ ಗಟ್ಟಿಯಾಗಿ ಕೂರುತ್ತದೆ.

ಹುಡುಗಿ ಹೇಳಿದ ಹಾಗೇ ಮಾಡಿದಳು. ಒಂದು ಬುಟ್ಟಿ ಹಣ್ಣು ಬೇಯಿಸಿ, ಅಪ್ಪನ ಹಳೇ ಖಾದಿ ಧೋತರದಲ್ಲಿ ಗಂಟು ಕಟ್ಟಿ, ಅಡುಗೆಮನೆ ಜಂತಿಗೆ ತೂಗುಹಾಕಿ ಕೆಳಗೆ ಪಾತ್ರೆಯಿಟ್ಟು ಮಲಗಿದಳು.

ಮಾರನೆ ದಿನ ಎಲ್ಲರಿಗಿಂತ ಮೊದಲು ಎದ್ದವರು ಅಜ್ಜಿ. ಮೇಲೆ ನೋಡಿದರು, ಬೆಂದ ಗಂಟು. ಕೆಳಗೆ ನೋಡಿದರು, ಬಸಿದ ನೀರು. ಎಪ್ಪತ್ತು ವರ್ಷ ಬೇಳೆ ಬೇಯಿಸಿ ಬಸಿದ ಕೈ ಅದು, ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಗಂಟಿನಲ್ಲಿದ್ದದ್ದನ್ನು ಬೆಲ್ಲ ಹಾಕಿ ರುಬ್ಬಿ ಹೂರಣ ಮಾಡಿದರು. ಬಸಿದ ರಸಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಖಾರದಪುಡಿ, ಒಣಕೊಬ್ಬರಿ ಹಾಕಿ ಒಗ್ಗರಣೆ ಕೊಟ್ಟು ಕಟ್ಟಿನ ಸಾರು ಮಾಡಿದರು. ಪಕ್ಕದಲ್ಲೇ ಚಕ್ಕೆ, ಲವಂಗ ಇಟ್ಟಿತ್ತಲ್ಲ, ಸೊಸೆ ಸಾರಿಗೆ ಅಂತಲೇ ತೆಗೆದಿಟ್ಟಿದ್ದಾಳೆ ಅಂತ ಅದನ್ನೂ ಕುಟ್ಟಿ ಹಾಕಿದರು.

ದಲಾಲರು ಎದ್ದು ಬಂದಾಗ ಅಜ್ಜಿ ಹೋಳಿಗೆ ತಟ್ಟುತ್ತ, "ಅಲ್ಲೋ, ಇದೆಂಥಾ ಬ್ಯಾಳೆ ತಂದೀಯ? ಎಷ್ಟು ರುಬ್ಬಿದ್ರೂ ಬೀಜ ಬೀಜ ಸಿಗ್ತೈತೆ," ಅಂದರು.

ದಲಾಲರು ಹಣೆ ಹಿಡಿದುಕೊಂಡು ನೆಲಕ್ಕೆ ಕೂತರು. ಈ ಸಲ ನಿಜವಾಗಿಯೂ ಜ್ವರ ಬಂದವರ ಹಾಗಿದ್ದರು. ನನ್ನನ್ನು ಕರೆಸಿದರು. ನಾನು ಎಲೆ ಹಾಕಿಸಿಕೊಂಡು ಕೂತೆ. ಹೋಳಿಗೆ ಅಷ್ಟಕ್ಕಷ್ಟೇ. ಸಾರು ಮಾತ್ರ ಸಿಹಿ, ಹುಳಿ, ಖಾರ ಸೇರಿ ಎಂಥಾ ರುಚಿ ಅಂತೀರಿ! ಎರಡನೇ ಸಲ ಹಾಕಿಸಿಕೊಳ್ಳುವಾಗ ದಲಾಲರು ನನ್ನನ್ನೇ ನೋಡುತ್ತಿದ್ದರು.

"ನನ್ನ ಮಗಳ ಲಗ್ನ ನೀನು ಕಲಸಿಕೊಂಡು ಉಣ್ಣಾಕ ಹತ್ತೀಯಲ್ಲೋ!" ಅಂದರು.

'ಅದು'

ಜನ ತಂದಿಟ್ಟ ಸೇಬು ಇನ್ನೂ ಎರಡು ಬುಟ್ಟಿ ಇತ್ತು, ಹಾಗಾಗಿ ಹಣ್ಣಿನ ಚಿಂತೆ ಇರಲಿಲ್ಲ. ಚಿಂತೆ ಬ್ರಾಂದಿಯದು. ದಲಾಲರ ಬಾಯಲ್ಲಿ ಆ ಹೆಸರೇ ಹೊರಡುತ್ತಿರಲಿಲ್ಲ. "ಅದು" ಅನ್ನುತ್ತಿದ್ದರು. "ಅದಕ್ಕೆ ಏನು ದಾರಿ?"

ಆಗ ಅದು ಬೇಕಾದರೆ ಡಾಕ್ಟರ ಚೀಟಿ ಬೇಕು. ಚೀಟಿ ಇದ್ದರೆ ನನ್ನಂಥವರ ಅಂಗಡಿಯಲ್ಲಿ ಔಷಧಿಯಾಗಿ ಸಿಗುತ್ತಿತ್ತು. ಚೀಟಿಗೆ ರೋಗಿ ಬೇಕು. ಇಡೀ ಊರಲ್ಲಿ ಎಲ್ಲರೂ ಕಣ್ಣಾರೆ ಕಂಡು, ಬೆವರು ಮುಟ್ಟಿ ನೋಡಿ, ಸೇಬು ಕೊಟ್ಟು ಬಂದ ರೋಗಿ ಅಂದರೆ ಯಾರು? ಅಧ್ಯಕ್ಷರೇ.

ಡಾಕ್ಟರು ಹಳೇ ಪರಿಚಯದವರು. ದಲಾಲರ ನಾಡಿ ಹಿಡಿದು, "ಏನಂತ ಬರೀಲಿ?" ಅಂದರು.

"ಏನರ ಬರೀರಿ," ಅಂದರು ದಲಾಲರು.

"ದಿನಾ ರಾತ್ರಿ ಎರಡು ಚಮಚ, ಬಿಸಿನೀರಾಗೆ. ಅಶಕ್ತತೆಗೆ." ಬರೆದು ಕೊಡುವಾಗ ಡಾಕ್ಟರು ಕಣ್ಣು ಮಿಟುಕಿಸಿದರು, "ಹೋದ ತಿಂಗಳು ನಿಮ್ಮ ಭಾಷಣಕ್ಕೆ ಬಂದಿದ್ದೆ. ಆಗಲೇ ಅಶಕ್ತತೆ ಕಾಣಿಸ್ತಿತ್ತು."

ನನ್ನ ಅಂಗಡಿಯಿಂದ ಒಯ್ದ ಬಾಟ್ಲಿಯನ್ನು ದಲಾಲರು ಸಮಿತಿಯ ಪೆಟ್ಟಿಗೆಯಲ್ಲಿ, 'ಕುಡಿತ ಬಿಡಿ, ಮನೆ ಉಳಿಸಿ' ಅಂತ ಬರೆದ ಬಟ್ಟೆಯೊಳಗೆ ಸುತ್ತಿ ಇಟ್ಟರು. ಸಮಿತಿಯ ಪೆಟ್ಟಿಗೆಯನ್ನು ಭಾಷಣ ಇಲ್ಲದ ದಿನ ಯಾರೂ ಮುಟ್ಟುತ್ತಿರಲಿಲ್ಲ.

ಹುಡುಗಿ ಈ ಸಲ ಅಜ್ಜಿಯನ್ನು ಹೊರಗೆ ಕೂರಿಸಿ, ಚಿಲಕ ಹಾಕಿಕೊಂಡು ಜೆಲ್ಲಿ ಕಾಯಿಸಿದಳು. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ದೂಡಿ ಅದು ಸುಕ್ಕುಗಟ್ಟುವುದನ್ನು ನೋಡಿ ಇಳಿಸಿದಳು. "ಈಗ ಹಾಕ್ರಿ ಕಾಕಾ," ಅಂದಳು.

ದಲಾಲರು ತಟ್ಟನೆ ಗೋಡೆ ಕಡೆ ತಿರುಗಿ ನಿಂತರು. "ನಾನು ನೋಡಿಲ್ಲ," ಅಂದರು.

ನಾನು ಸುರಿದೆ. ಗ್ಲಕ್ ಅಂತ ಸದ್ದಾಯಿತು.

"ಸಾಕಾ?" ಅಂದೆ.

"ನಾನೇನು ಕಂಡೀನಿ? ನಾನು ನೋಡಾಕ ಹತ್ತಿಲ್ಲ," ಅಂದರು ಗೋಡೆಗೆ. ಹಾಗೇ ಕತ್ತು ತಿರುಗಿಸದೆ, "ಹುಡುಗ ಎಂಜಿನಿಯರು ಅದಾನೆ. ಇನ್ನೊಂದು ಸಲ ಹಂಗೇ ಸದ್ದು ಬರಲಿ," ಅಂದರು.

ನಾಲ್ಕು ಬಾಟ್ಲಿ ತುಂಬಿತು. ಸಂಜೆಗೆ ಜೇನಿನ ಬಣ್ಣದ ಜೆಲ್ಲಿ, ಮುಟ್ಟಿದರೆ ನಡುಗುವ ಹಾಗೆ ಕೂತಿತು. ಹುಡುಗಿ ಹೆಮ್ಮೆಯಿಂದ ಒಂದು ಬಟ್ಟಲಲ್ಲಿ ಹಾಕಿ ಅಜ್ಜಿ ಮುಂದೆ ಇಟ್ಟಳು. ಅಜ್ಜಿ ಬಟ್ಟಲು ಅಲ್ಲಾಡಿಸಿದರು, ಜೆಲ್ಲಿಯೂ ಅಲ್ಲಾಡಿತು. ಬಟ್ಟಲು ನಿಲ್ಲಿಸಿದರು. ಜೆಲ್ಲಿ ಇನ್ನೂ ಅಲ್ಲಾಡುತ್ತಿತ್ತು. ಅಜ್ಜಿ ಹಿಂದಕ್ಕೆ ಸರಿದು, "ಅತ್ಲಾಗೆ ಒಯ್ಯವ್ವಾ," ಅಂದರು, "ಜೀವ ಇರೋದನ್ನ ನಾವು ತಿನ್ನಂಗಿಲ್ಲ."

ಠರಾವು

ಮಾರನೆ ದಿನ ಸಮಿತಿಯ ಸದಸ್ಯರೆಲ್ಲ ಕೂಡಿ ಅಧ್ಯಕ್ಷರ ಆರೋಗ್ಯ ವಿಚಾರಿಸಲು ಬಂದರು. ಬಂದವರು ಹಾಗೇ ಸಭೆಯನ್ನೂ ಇಲ್ಲೇ ಮುಗಿಸೋಣ ಅಂತ ಜಮಖಾನ ಹಾಸಿಸಿದರು. ಕಪಾಟಿನಲ್ಲಿ ಬಾಟ್ಲಿಗಳು ಸಾಲಾಗಿ ಹೊಳೆಯುತ್ತಿದ್ದವು. ಖಜಾಂಚಿಗಳ ಕಣ್ಣಿಗೆ ಬಿತ್ತು.

"ಅದೇನ್ರೀ ಅಧ್ಯಕ್ಷರೇ?"

ದಲಾಲರು ಕಂಬಳಿಯನ್ನು ಮೂಗಿನ ತನಕ ಎಳೆದುಕೊಂಡರು. ನಾನಿದ್ದೆನಲ್ಲ. "ಸೇಬಿನ ಲೇಹ್ಯರೀ," ಅಂದೆ. "ಅಶಕ್ತತೆಗೆ. ಡಾಕ್ಟರು ಬರೆದುಕೊಟ್ಟಿದ್ದು."

ನಮ್ಮ ಜನಕ್ಕೆ ಲೇಹ್ಯ ಅಂದರೆ ಇರುವ ಭಕ್ತಿ ದೇವರ ತೀರ್ಥಕ್ಕೂ ಇಲ್ಲ. ಅಷ್ಟೂ ಜನಕ್ಕೆ ಒಟ್ಟಿಗೇ ಅಶಕ್ತತೆ ಬಂತು. ಖಜಾಂಚಿಗಳು ಅಂಗೈ ಚಾಚಿ ಒಂದು ಚಮಚ ಹಾಕಿಸಿಕೊಂಡರು. ನೆಕ್ಕಿದರು. ಕಣ್ಣು ಮುಚ್ಚಿದರು. "ಎದೆ ತನಕ ಬೆಚ್ಚಗೆ ಇಳೀತೈತೆ," ಅಂದರು. ಉಳಿದವರೂ ಚಾಚಿದರು. ಕಾರ್ಯದರ್ಶಿಗಳಿಗೆ ಹಳೇ ಮಂಡಿನೋವಿತ್ತು, ಅವರು ಎರಡೂ ಅಂಗೈ ಚಾಚಿದರು. ದಲಾಲರು "ಸಾಕ್ರೀ, ಉಷ್ಣ ಆಗ್ತೈತೆ, ಸಾಕ್ರೀ" ಅನ್ನುತ್ತಲೇ ಇದ್ದರು. ಯಾರಿಗೂ ಕೇಳಿಸಲಿಲ್ಲ.

ಆ ಸಮಿತಿಯಲ್ಲಿ ಯಾವ ವಿಷಯಕ್ಕೂ ಒಮ್ಮತ ಬಂದದ್ದು ಯಾರೂ ಕಂಡಿರಲಿಲ್ಲ. ಮೆರವಣಿಗೆ ಯಾವ ಬೀದಿಯಿಂದ ಹೊರಡಬೇಕು ಅಂತ ಎರಡು ವರ್ಷದಿಂದ ಜಗಳ ನಡೆದಿತ್ತು. ಆ ದಿನ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಎಲ್ಲ ಬೀದಿಗೂ ಒಪ್ಪಿದರು. ಒಬ್ಬರು ಎದ್ದು ಕುಡಿತದ ಕೆಡುಕಿನ ಬಗ್ಗೆ ಮಾತಾಡುತ್ತ ಮಾತಾಡುತ್ತ ಅತ್ತೇಬಿಟ್ಟರು.

ನಾಲ್ಕರಲ್ಲಿ ಮೂರು ಬಾಟ್ಲಿ ಖಾಲಿಯಾದವು. ನಾಲ್ಕನೆಯದನ್ನು ಹುಡುಗಿ ಹೇಗೋ ಸೆರಗಿನಡಿ ಸೇರಿಸಿ ಒಳಗೆ ಒಯ್ದಳು. ಸಭೆ ಮುಗಿಯುವ ಮುಂಚೆ ಕಾರ್ಯದರ್ಶಿಗಳು ಗೋಡೆ ಹಿಡಿದುಕೊಂಡು ಎದ್ದು ಠರಾವು ಓದಿದರು. ಪಾನನಿರೋಧದ ಕಾರ್ಯಕರ್ತರಿಗೆ ಈ ಕೆಲಸದಲ್ಲಿ ವಿಪರೀತ ದಣಿವಾಗುವುದರಿಂದ ಇನ್ನು ಮುಂದೆ ಪ್ರತಿ ಸಭೆಯಲ್ಲೂ ಸದರಿ ಲೇಹ್ಯವನ್ನು ಕೊಡತಕ್ಕದ್ದು.

ಸರ್ವಾನುಮತದಿಂದ ಪಾಸಾಯಿತು. ಅಧ್ಯಕ್ಷರೂ ಕೈಯೆತ್ತಬೇಕಾಯಿತು.

ಹರಿಹರದ ಸ್ಟೇಷನ್

ಉಳಿದ ಒಂದೇ ಬಾಟ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ನಾವು ರೈಲು ಹತ್ತಿದೆವು. ದಲಾಲರು, ಅವರ ಹೆಂಡತಿ, ಹುಡುಗಿ, ನಾನು. ನನ್ನನ್ನು ಕರೆದುಕೊಂಡು ಹೋಗಬಾರದು ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಬಿಟ್ಟು ಹೋದರೆ ಊರಲ್ಲಿ ಏನು ಹೇಳಿಕೊಂಡು ತಿರುಗುತ್ತಾನೋ ಅಂತ ದಲಾಲರೇ ಕರೆದುಕೊಂಡರು.

ಹರಿಹರದಲ್ಲಿ ಇಳಿದರೆ ಗೇಟಿನ ಹತ್ತಿರ ಕಾನ್‌ಸ್ಟೇಬಲ್ಲು. ಚೀಲಗಳನ್ನು ಮೂಸಿ ಮೂಸಿ ಬಿಡುತ್ತಿದ್ದ. ನಮ್ಮ ಚೀಲದ ಹತ್ತಿರ ಬಂದವನು ಮೂಗು ಅಲ್ಲೇ ನಿಲ್ಲಿಸಿದ. "ಏನೈತ್ರೀ ಒಳಗೆ?"

ದಲಾಲರ ಹೆಂಡತಿ ದೇವರನ್ನು ನೆನೆದರು. ನಾನು ನನ್ನ ಪಾಡಿಗೆ ರೈಲು ನೋಡುತ್ತ ನಿಂತೆ. ದಲಾಲರು ಮಾತ್ರ ಟೊಪ್ಪಿಗೆ ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, "ತಮ್ಮಾ, ನಿನಗೆ ಕುಡಿತ ಅಂದ್ರೆ ಏನಂತ ಗೊತ್ತೈತಾ?" ಅಂದರು.

ಹೆದರಿಕೆಗೋ ಅಭ್ಯಾಸಕ್ಕೋ ಗೊತ್ತಿಲ್ಲ, ಭಾಷಣ ಶುರುವಾಯಿತು. ಮೊದಲು ಹೆಂಡತಿ ಮಕ್ಕಳ ಕಣ್ಣೀರು ಬಂತು. ಆಮೇಲೆ ಲಿವರು ಬಂತು. ಆಮೇಲೆ ದೇಶ ಬಂತು. ಕಾನ್‌ಸ್ಟೇಬಲ್ಲು "ಆತ್ರೀ, ಆತ್ರೀ" ಅಂದರೂ ನಿಲ್ಲಲಿಲ್ಲ. ಅವನು ಎಡಕ್ಕೆ ಸರಿದರೆ ಇವರೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕಡೆಗೆ ಅವನೇ ನಮ್ಮ ಚೀಲ ಎತ್ತಿಕೊಂಡು ಟಾಂಗಾದಲ್ಲಿಟ್ಟು, ಕೈ ಮುಗಿದ. "ಕುಡಿದೋರ ಕಾಟ ತಡಕೋಬಹುದು ಸಾಹೇಬ್ರೇ," ಅಂದ, "ಕುಡೀದೆ ಇರೋರದ್ದೇ ತಡಿಯಾಕ ಆಗಂಗಿಲ್ಲ."

ಒಂದು ಚಮಚ

ಹುಡುಗನ ಮನೆ ಕಾರ್ಖಾನೆಯ ಕಾಲೋನಿಯಲ್ಲಿ. ತಾಯಿ ಬಾಗಿಲಲ್ಲೇ, "ಬರ್ರಿ, ಕೂಡ್ರಿ," ಅಂದರು. ಈಜಿ ಚೇರಿನಲ್ಲಿ ಒಬ್ಬರು ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. "ಇವರು ನಮ್ಮೆಜಮಾನ್ರು," ಅಂದರು ತಾಯಿ. ಪೇಪರು ಒಂಚೂರು ತಗ್ಗಿತು, ಎರಡು ಕಣ್ಣು ಕಂಡವು, ಮತ್ತೆ ಪೇಪರು ಮೇಲೇರಿತು.

ಬೆಳ್ಳಿ ಬಟ್ಟಲು ಬಂತು, ಬ್ರೆಡ್ಡು ಬಂತು. ಹುಡುಗಿ ಬಾಟ್ಲಿ ಬಿಚ್ಚಿ ಬಡಿಸಿದಳು. ಹುಡುಗ ಒಂದು ಚಮಚ ಬಾಯಿಗಿಟ್ಟ. ಅವನ ಮುಖ ಅರಳಿತು. "ಇದೇ!" ಅಂದ. "ಥೇಟ್ ಇದೇ!"

ದಲಾಲರು ಎಷ್ಟು ದಿನದಿಂದ ಹಿಡಿದಿಟ್ಟಿದ್ದರೋ, ಅಷ್ಟೂ ಉಸಿರು ಒಮ್ಮೆಗೇ ಬಿಟ್ಟರು.

ಬಿಟ್ಟದ್ದು ಸ್ವಲ್ಪ ಬೇಗ ಆಯಿತು. ತಾಯಿ ಬಟ್ಟಲ ಮೇಲೆ ಬಗ್ಗಿ, ಮೂಗು ಅರಳಿಸಿ, "ಇದೆಂಥದೋ ವಾಸನೆ," ಅಂದರು. "ಇದರಾಗೆ ಏನು ಹಾಕೀರಿ?"

"ಚಕ್ಕೆ," ಅಂದರು ದಲಾಲರು.

"ಇನ್ನೇನು?"

"ಲವಂಗ."

"ಇನ್ನೇನು?"

ದಲಾಲರು ಗೋಡೆ ಹುಡುಕಿದರು. ಎಲ್ಲ ಗೋಡೆಗಳ ಹತ್ತಿರವೂ ಯಾರೋ ಒಬ್ಬರು ಕೂತಿದ್ದರು. ಹೌದು ಅಂದರೆ ಸಂಬಂಧ ಹೋಗುತ್ತದೆ. ಇಲ್ಲ ಅಂದರೆ ಸುಳ್ಳು, ಅದೂ ಮೂಸಿ ನೋಡಿದವರ ಮುಂದೆ. ಹುಡುಗ ಬ್ರೆಡ್ಡಿನ ಅಂಚು ಹರಿಯುತ್ತ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನ ಹಾಗೆ ಕೂತ. ಬೂಟು ಬಾಗಿಲ ಹೊರಗಿದ್ದವು.

ಆಗ ಹುಡುಗಿ ಬಾಟ್ಲಿಯ ಮುಚ್ಚಳ ಮುಚ್ಚಿ ಕೆಳಗಿಟ್ಟಳು. "ನಮ್ಮಪ್ಪನ್ನ ಯಾಕ ಕೇಳ್ತೀರಿ ಅಮ್ಮಾರೆ?" ಅಂದಳು. "ಏನೇನು ಬೀಳಬೇಕು ಅಂತ ಹೇಳಿದವರು ಇವರು. ತಿಂದು 'ಇದೇ' ಅಂದವರೂ ಇವರೇ. ಇವರನ್ನೇ ಕೇಳ್ರಿ. ಇವರು ಹೇಳಿದ್ರೆ ಈ ಮನೆ ನಾನು ನೋಡ್ತೀನಿ. ಇಲ್ಲಾಂದ್ರೆ ಮಧ್ಯಾಹ್ನದ ರೈಲು ಐತೆ."

ದಲಾಲರು ಸತ್ತೇಹೋದರು. ಅವರ ಹೆಂಡತಿ ಮಗಳ ಸೆರಗು ಜಗ್ಗಿದರು. ಹುಡುಗಿ ಹುಡುಗನನ್ನೇ ನೋಡುತ್ತಿದ್ದಳು. ಹುಡುಗ ತಾಯಿಯನ್ನು ನೋಡಿದ, ಬಾಟ್ಲಿಯನ್ನು ನೋಡಿದ, ಹುಡುಗಿಯನ್ನು ನೋಡಿದ. ಬ್ರೆಡ್ಡು ಕೆಳಗಿಟ್ಟ.

"ಬ್ರಾಂದಿ ಐತೆ ಅವ್ವಾ," ಅಂದ. "ನಾನೇ ಹಾಕಿಸ್ರಿ ಅಂದಿದ್ದೆ."

ಹುಡುಗಿ ಮೊದಲ ಸಲ ನಕ್ಕಳು. ತಾಯಿ ನಗಲಿಲ್ಲ. "ಬ್ರಾಂದೀನಾ? ಈ ಮನೆಯೊಳಗೆ?" ಅಂತ ಎದ್ದು, ಮಗನ ಕೈಯಲ್ಲಿದ್ದ ಚಮಚ ಕಿತ್ತುಕೊಂಡರು. ಚೆಲ್ಲುತ್ತಾರೆ ಅಂದುಕೊಂಡೆವು. ಬಟ್ಟಲಿಗೆ ಅದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಒಂದು ಗಳಿಗೆ ಹಾಗೇ ನಿಂತರು. ಇನ್ನೊಂದು ಚಮಚ ಇಟ್ಟರು. ದಲಾಲರು ಕೈ ಮುಗಿದು ಎದ್ದು ನಿಂತೇಬಿಟ್ಟಿದ್ದರು.

"ಬ್ರಾಂದಿ ಐತೆ, ಖರೆ," ಅಂದರು ತಾಯಿ ಕಣ್ಣು ತೆರೆದು. "ಆದ್ರೆ ನೀರು ಬೆರೆಸ್ಯಾರೆ. ಯಾವ ಅಂಗಡಿದು ಇದು?"

ಎಲ್ಲರೂ ನನ್ನನ್ನು ನೋಡಿದರು. ನಾನು ಕಾಲೋನಿಯ ಕಿಟಕಿಗಳ ಕೆಲಸ ಬಹಳ ಚೆನ್ನಾಗಿದೆ ಅಂದೆ.

ಹುಡುಗ ಬಾಯಿ ಬಿಟ್ಟುಕೊಂಡು ಕೂತಿದ್ದ. "ಅವ್ವಾ, ನಿನಗೆ ಹೆಂಗೆ ಗೊತ್ತಾತು?"

ಆಗ ತಾಯಿಗೆ ಎಚ್ಚರವಾಯಿತು. ಚಮಚ ಕೆಳಗಿಟ್ಟರು, ಸೆರಗು ಹೊದ್ದುಕೊಂಡರು. "ಬಾಣಂತನದಾಗೆ ಕೊಡ್ತಾರಪ್ಪಾ, ಮೈ ಬೆಚ್ಚಗಿರ್ಲಿ ಅಂತ. ನೀನು ಹುಟ್ಟಿದಾಗ ನಮ್ಮವ್ವ ಕೊಟ್ಟಿದ್ಲು. ಅದು ಔಷಧಿ, ಅದಕ್ಕೇನು ಹೆಸರಿಡ್ತೀಯ?" ಅಂದವರು ಮಾತು ಬದಲಿಸಲು ಒಂದೇ ಉಸಿರಿಗೆ, "ಹುಡುಗಿಗೆ ಬಾಯಿ ಐತೆ, ಕೈಯಾಗೆ ರುಚಿ ಐತೆ, ಇನ್ನೇನು ಬೇಕು? ಎಲೆ ಅಡಿಕೆ ತರ್ರಿ, ಮಾತು ಮುಗಿಸಿಬಿಡಾಣ," ಅಂದರು.

ದಲಾಲರ ಹೆಂಡತಿ ಕಣ್ಣೊರೆಸಿಕೊಂಡರು. ಎಲೆ ಅಡಿಕೆ ತಟ್ಟೆ ಬಂತು. ಈಜಿ ಚೇರಿನ ಪೇಪರು ಪೂರ್ತಿ ಕೆಳಗಿಳಿದದ್ದು ಆಗಲೇ. ಯಜಮಾನರು ಅದನ್ನು ನಿಧಾನವಾಗಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ದಲಾಲರ ಕಡೆ ಬಗ್ಗಿ, ಬಲು ಮರ್ಯಾದೆಯಿಂದ ಹೇಳಿದರು:

"ನಮಗೆ ಇವನೊಬ್ಬನೇ ಮಗ ಬೀಗರೇ. ಬಾಣಂತನ ಮಾತ್ರ ಇನ್ನೂ ಮುಗಿದಿಲ್ಲ."